ಕಬ್ಬಿಣದ ತವರುಮನೆ

ಮಲೆನಾಡಿನ ಯಾವ ಅಡುಗೆಮನೆಗೆ ಹೋದರೂ ಕಬ್ಬಿಣ ಕಾಣುತ್ತದೆ. ದೋಸೆ ಕಾವಲಿ, ಮೆಟ್ಟುಕತ್ತಿ, ಒಲೆಯ ಪಕ್ಕದ ಇಕ್ಕಳ. ಕೊಟ್ಟಿಗೆಯ ಕಡೆ ಹೋದರೆ ಹಾರೆ, ಗುದ್ದಲಿ, ಕುಡುಗೋಲು. ಇವೆಲ್ಲ ಎಲ್ಲಿಂದ ಬಂದವು ಎಂದು ಶಿವಮೊಗ್ಗದ ಶಾಲೆಯ ಹುಡುಗನೊಬ್ಬನನ್ನು ಕೇಳಿದರೆ 'ಅಂಗಡಿಯಿಂದ' ಎನ್ನುತ್ತಾನೆ. ಅಂಗಡಿಗೆ ಎಲ್ಲಿಂದ ಬಂತು? 'ಕಾರ್ಖಾನೆಯಿಂದ.' ಇಪ್ಪತ್ತು ಕಿಲೋಮೀಟರ್ ಆಚೆಯ ಭದ್ರಾವತಿಯ ಹುಡುಗಿಯಾದರೆ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತಾಳೆ. ಅವಳ ಅಜ್ಜ ಕಾರ್ಖಾನೆಯಲ್ಲಿ ದುಡಿದವರಾಗಿದ್ದರಂತೂ 'ಕೆಮ್ಮಣ್ಣುಗುಂಡಿಯ ಅದಿರಿನಿಂದ' ಎಂದು ಥಟ್ಟನೆ ಹೇಳಿಯಾಳು. ಸರಿ, ಕೆಮ್ಮಣ್ಣುಗುಂಡಿಯ ಅದಿರಿನೊಳಗೆ ಕಬ್ಬಿಣ ಎಲ್ಲಿಂದ ಬಂತು? ಇಲ್ಲಿಗೆ ಹುಡುಗಿಯೂ ಸುಮ್ಮನಾಗುತ್ತಾಳೆ, ಪಕ್ಕದಲ್ಲಿ ಪತ್ರಿಕೆ ಹಿಡಿದು ಕೂತ ಅಪ್ಪನೂ ಸುಮ್ಮನಾಗುತ್ತಾರೆ.

ಬಾಹ್ಯಾಕಾಶದ ಅಚ್ಚರಿಗಳು ಎಂದರೆ ನಮಗೆ ನೆನಪಾಗುವುದು ಕಪ್ಪು ಕುಳಿ, ವಜ್ರದ ಗ್ರಹ, ಕೋಟ್ಯಂತರ ಜ್ಯೋತಿರ್ವರ್ಷ ದೂರದ ಏನೋ ಒಂದು ವಿಚಿತ್ರ. ಆದರೆ ಕಳೆದ ನೂರೈವತ್ತು ವರ್ಷಗಳ ಖಗೋಳ ಸಂಶೋಧನೆಯಲ್ಲಿ ವಿಜ್ಞಾನಿಗಳನ್ನು ಮತ್ತೆ ಮತ್ತೆ ಬೆಸ್ತು ಬೀಳಿಸಿದ ವಸ್ತುಗಳ ಪಟ್ಟಿ ಮಾಡಿದರೆ ಅದರಲ್ಲಿ ಈ ಸಾದಾ ಕಬ್ಬಿಣಕ್ಕೆ ಮೊದಲ ಸಾಲಿನಲ್ಲೇ ಜಾಗ ಸಿಗುತ್ತದೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆ ಬರುವುದಕ್ಕೆ ಬಹಳ ಮೊದಲೇ ಊರಿಗೆ ಆ ಹೆಸರಿತ್ತು ಎಂಬುದು ತಮಾಷೆಯ ಸಂಗತಿ. 1923ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕಷ್ಟದ ದಿನಗಳಲ್ಲಿ ಅದನ್ನು ದಡ ಮುಟ್ಟಿಸಿದರು. ಕಲ್ಲಿದ್ದಲು ಹತ್ತಿರದಲ್ಲಿ ಇಲ್ಲದ್ದರಿಂದ ಮಲೆನಾಡಿನ ಕಾಡಿನ ಸೌದೆಯನ್ನೇ ಇದ್ದಿಲು ಮಾಡಿ ಉರಿಸಲಾಯಿತು. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಿಂದ ಅದಿರು ಬಂತು. ಕೆಮ್ಮಣ್ಣು ಎಂದರೆ ಬೇರೇನಲ್ಲ, ತುಕ್ಕು ಹಿಡಿದ ಕಬ್ಬಿಣ. ಕಬ್ಬಿಣದ ಪರಮಾಣುವಿಗೆ ಆಮ್ಲಜನಕ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಕುಲುಮೆಯ ಸುಮಾರು 1500 ಡಿಗ್ರಿ ಶಾಖದಲ್ಲಿ ಇದ್ದಿಲಿನ ಇಂಗಾಲ ಆ ಆಮ್ಲಜನಕವನ್ನು ಎಳೆದುಕೊಂಡು ಹೋಗುತ್ತದೆ, ಕಬ್ಬಿಣ ಕರಗಿ ಕೆಳಗೆ ನಿಲ್ಲುತ್ತದೆ.

ಅಂದರೆ ಕುಲುಮೆ ಕಬ್ಬಿಣವನ್ನು ಬಿಡಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಭದ್ರಾವತಿಯಲ್ಲಾಗಲಿ ಜಮ್‌ಷೆಡ್‌ಪುರದಲ್ಲಾಗಲಿ ಯಾವ ಕುಲುಮೆಯೂ ಇವತ್ತಿನವರೆಗೆ ಕಬ್ಬಿಣದ ಒಂದೇ ಒಂದು ಹೊಸ ಪರಮಾಣುವನ್ನೂ ಮಾಡಿಲ್ಲ. ಬಾಬಾಬುಡನ್ ಬೆಟ್ಟವೂ ಮಾಡಿಲ್ಲ. ಅಲ್ಲಿನ ಅದಿರಿನ ಪದರಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಯಾವುದೋ ಸಮುದ್ರದ ತಳದಲ್ಲಿ ಕೆಸರಿನಂತೆ ಕೂತವು. ಆ ಸಮುದ್ರಕ್ಕೆ ಕಬ್ಬಿಣ ಭೂಮಿಯ ಒಡಲಿನಿಂದ ಬಂತು. ಭೂಮಿಯ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕಬ್ಬಿಣವೇ. ಬಹುಪಾಲು ಕೆಳಗಿಳಿದು ನಡುಗರ್ಭದಲ್ಲಿ ಕೂತಿದೆ, ಮೇಲೆ ಉಳಿದ ಚೂರುಪಾರಿನಲ್ಲಿ ನಮ್ಮ ಕಾರ್ಖಾನೆಗಳು ನಡೆದಿವೆ. ಭೂಮಿ ಹುಟ್ಟಿ ಸುಮಾರು 456 ಕೋಟಿ ವರ್ಷ. ಅದು ಹುಟ್ಟುವಾಗಲೇ ಕಬ್ಬಿಣ ಅದರ ಮಡಿಲಲ್ಲಿತ್ತು. ಹಾಗಾದರೆ ಉತ್ತರ ಭೂಮಿಯ ಮೇಲಿಲ್ಲ, ಮೇಲೆ ಆಕಾಶದಲ್ಲಿ ಹುಡುಕಬೇಕು.

ಹುಡುಕಾಟ ಸುಮ್ಮನೆ ಆಗಲಿಲ್ಲ. ಮೊದಲು ಬಂದದ್ದು ಒಂದು ದೊಡ್ಡ ತಪ್ಪು ಉತ್ತರ.

ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನಂಥ ರೋಹಿತ ಮೂಡುತ್ತದೆ. ಅದರ ನಡುನಡುವೆ ಬಾಚಣಿಗೆಯ ಹಲ್ಲಿನಂತೆ ಕಪ್ಪು ಗೆರೆಗಳು. ಒಂದೊಂದು ಧಾತುವೂ ತನ್ನದೇ ಗೆರೆಗಳ ಗುರುತನ್ನು ಬಿಟ್ಟಿರುತ್ತದೆ, ಬೆರಳಚ್ಚಿನ ಹಾಗೆ. ಹೀಗೆಂದು 1860ರ ಸುಮಾರಿಗೆ ತೋರಿಸಿಕೊಟ್ಟವರು ಜರ್ಮನಿಯ ಕಿರ್ಚಾಫ್ ಮತ್ತು ಬುನ್ಸೆನ್. ಸೂರ್ಯನ ರೋಹಿತವನ್ನು ಪರಿಶೀಲಿಸಿದಾಗ ಕಬ್ಬಿಣದ ಗೆರೆಗಳು ಹಿಂಡುಹಿಂಡಾಗಿ ಕಂಡವು. ಹಾಗಾಗಿ ಸೂರ್ಯನೂ ಹೆಚ್ಚುಕಡಿಮೆ ಭೂಮಿಯಂಥದೇ ಸರಕಿನಿಂದ ಆದದ್ದು, ಕಬ್ಬಿಣ ಅದರಲ್ಲಿ ಯಥೇಚ್ಛವಾಗಿದೆ, ವ್ಯತ್ಯಾಸ ಕಾವಿನದು ಮಾತ್ರ ಎಂದು ದೊಡ್ಡ ದೊಡ್ಡವರೆಲ್ಲ ನಂಬಿದರು. ಅರವತ್ತು ವರ್ಷ ಇದೇ ಪಾಠ ನಡೆಯಿತು.

ಅದನ್ನು ಬುಡಮೇಲು ಮಾಡಲು ಬೇಕಾದ ಕೀಲಿ ಸಿಕ್ಕಿದ್ದು ಕಲ್ಕತ್ತೆಯಲ್ಲಿ. ಢಾಕಾ ಬಳಿಯ ಹಳ್ಳಿಯ ಬಡ ಅಂಗಡಿಕಾರರ ಮಗ ಮೇಘನಾದ ಸಾಹಾ 1920ರಲ್ಲಿ ಒಂದು ಸಮೀಕರಣ ಪ್ರಕಟಿಸಿದರು. ಗೆರೆ ದಪ್ಪಗಿದೆ ಎಂದ ಮಾತ್ರಕ್ಕೆ ಆ ಧಾತು ಹೆಚ್ಚಿದೆ ಎಂದು ಅರ್ಥವಲ್ಲ, ಶಾಖ ಮತ್ತು ಒತ್ತಡಗಳಿಗೆ ತಕ್ಕಂತೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದರಿಂದ ಗೆರೆಗಳು ಎದ್ದು ಕಾಣುತ್ತವೆ ಅಥವಾ ಮಾಯವಾಗುತ್ತವೆ ಎಂಬುದು ಅದರ ತಿರುಳು. ಕಬ್ಬಿಣ ಬಲು ವಾಚಾಳಿ ಧಾತು. ಸ್ವಲ್ಪವೇ ಇದ್ದರೂ ಸಾವಿರಾರು ಗೆರೆಗಳಲ್ಲಿ ಕೂಗಿಕೊಳ್ಳುತ್ತದೆ. ಜಲಜನಕ ಮೌನಿ.

ಈ ಕೀಲಿ ತಿರುಗಿಸಿದವಳು ಇಪ್ಪತ್ತೈದರ ತರುಣಿ ಸಿಸಿಲಿಯಾ ಪೇನ್. ಇಂಗ್ಲೆಂಡಿನವಳು. ಆ ಕಾಲದ ಕೇಂಬ್ರಿಜ್‌ನಲ್ಲಿ ಹೆಣ್ಣುಮಕ್ಕಳು ಪಾಠ ಕೇಳಬಹುದಿತ್ತು, ಪದವಿ ಮಾತ್ರ ಸಿಗುತ್ತಿರಲಿಲ್ಲ. 1948ರವರೆಗೂ ಅದೇ ಕಟ್ಟಳೆ. ಆಕೆ ಅಮೆರಿಕದ ಹಾರ್ವರ್ಡಿಗೆ ಹೋದಳು. ಅಲ್ಲಿ ರಾಶಿ ಬಿದ್ದಿದ್ದ ನಕ್ಷತ್ರಗಳ ರೋಹಿತದ ಗಾಜಿನ ಫಲಕಗಳನ್ನು ಸಾಹಾ ಸಮೀಕರಣ ಹಿಡಿದು ಓದಿದಳು. 1925ರ ಪ್ರೌಢಪ್ರಬಂಧದಲ್ಲಿ ಬಂದ ಲೆಕ್ಕ ಯಾರಿಗೂ ಬೇಡವಾಗಿತ್ತು: ನಕ್ಷತ್ರಗಳಲ್ಲಿ ಜಲಜನಕವೇ ಸರ್ವಸ್ವ, ಆಮೇಲೆ ಹೀಲಿಯಂ. ಕಬ್ಬಿಣವೂ ಉಳಿದೆಲ್ಲ ಲೋಹಗಳೂ ಸೇರಿ ಸಾರಿಗೆ ಹಾಕಿದ ಇಂಗಿನಷ್ಟು.

ಪ್ರಬಂಧ ನೋಡಿದ ಹಿರಿಯ ಖಗೋಳಜ್ಞ ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವೇ ಇಲ್ಲ ಎಂದು ಬರೆದು ಕಳಿಸಿದರು. ಆ ಕಾಲದಲ್ಲಿ ರಸೆಲ್ ಮಾತು ಎಂದರೆ ಮಾತು. ಪೇನ್ ತನ್ನ ಲೆಕ್ಕವನ್ನು ತೆಗೆದು ಹಾಕಲಿಲ್ಲ, ಆದರೆ ಜಲಜನಕದ ಆ ಪ್ರಮಾಣ ಬಹುಶಃ ನಿಜವಿರಲಾರದು ಎಂಬರ್ಥದ ಒಂದು ವಾಕ್ಯವನ್ನು ಪಕ್ಕದಲ್ಲಿ ಸೇರಿಸಿದಳು. ನಾಲ್ಕೇ ವರ್ಷಗಳಲ್ಲಿ, 1929ರಲ್ಲಿ, ರಸೆಲ್ ಬೇರೆ ದಾರಿಯಿಂದ ಲೆಕ್ಕ ಹಾಕಿ ಅದೇ ಉತ್ತರಕ್ಕೆ ಬಂದು ನಿಂತರು. ಪೇನ್ ಕೆಲಸವನ್ನು ಅವರು ತಮ್ಮ ಲೇಖನದಲ್ಲಿ ನೆನೆದರು ನಿಜ. ಆದರೂ ಬಹುಕಾಲ ಜನ ಆ ಶೋಧಕ್ಕೆ ರಸೆಲ್ ಹೆಸರನ್ನೇ ಹೇಳುತ್ತಿದ್ದರು. ಪೇನ್ ಹಾರ್ವರ್ಡಿನಲ್ಲಿ ಪೂರ್ಣ ಪ್ರಾಧ್ಯಾಪಕಿಯಾದದ್ದು 1956ರಲ್ಲಿ. ಮೂವತ್ತೊಂದು ವರ್ಷ ತಡ. ಮಗಳು ಪಠ್ಯಪುಸ್ತಕದಲ್ಲಿ ಇರುವುದಕ್ಕಿಂತ ಬೇರೆ ಉತ್ತರ ತಂದಾಗ ಲೆಕ್ಕ ನೋಡದೆ ಅಡ್ಡಗೀಟು ಎಳೆಯುವ ಮೇಷ್ಟರುಗಳು ಈ ವೃತ್ತಾಂತವನ್ನು ಬಿಡುವಾದಾಗ ಓದಬಹುದು.

ಸೂರ್ಯನಲ್ಲಿ ಕಬ್ಬಿಣ ಕಡಿಮೆ ಎಂದಾಯಿತಲ್ಲ, ಕಬ್ಬಿಣದ ಕಾಟ ಅಲ್ಲಿಗೆ ಮುಗಿಯಲಿಲ್ಲ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ ದಕ್ಷಿಣ ಭಾರತದ ಮೇಲೆ ಹಾದು ಹೋಯಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷಲ್ ಎಂಬ ಬ್ರಿಟಿಷ್ ಅಧಿಕಾರಿ ರೋಹಿತದರ್ಶಕ ಹೂಡಿ ಕಾದಿದ್ದರು. ಮೋಡಗಳ ಕಣ್ಣುಮುಚ್ಚಾಲೆಯ ನಡುವೆಯೇ ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳನ್ನು ಕಂಡರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕೂಡ ಕಂಡರು. ಹೀಲಿಯಂ ಎಂಬ ಹೊಸ ಧಾತುವಿನ ಕತೆ ಶುರುವಾದದ್ದು ಆ ಗ್ರಹಣದಿಂದ. ಮರುವರ್ಷ, 1869ರ ಆಗಸ್ಟಿನಲ್ಲಿ, ಅಮೆರಿಕದಲ್ಲಿ ಗ್ರಹಣ ನೋಡಿದವರಿಗೆ ಸೂರ್ಯನ ಸುತ್ತಲಿನ ಬೆಳ್ಳನೆಯ ಪ್ರಭಾವಲಯದಲ್ಲಿ ಒಂದು ಹಸಿರು ಗೆರೆ ಕಂಡಿತು. ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೀಲಿಯಂ ರುಚಿ ಹತ್ತಿದ್ದ ವಿಜ್ಞಾನಿಗಳು ಇದೂ ಹೊಸ ಧಾತುವೇ ಇರಬೇಕೆಂದು 'ಕರೋನಿಯಂ' ಎಂಬ ಹೆಸರು ಇಟ್ಟು ತೊಟ್ಟಿಲಿಗೆ ಹಾಕಿದರು.

ಎಪ್ಪತ್ತು ವರ್ಷ ಆ ತೊಟ್ಟಿಲು ತೂಗಿದ್ದೇ ಬಂತು. 1939ರಿಂದ ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಜರ್ಮನಿಯ ಗ್ರೋಟ್ರಿಯನ್ ಮತ್ತು ಸ್ವೀಡನ್ನಿನ ಎಡ್ಲೆನ್ ಗುಟ್ಟು ಬಿಡಿಸಿದರು. ತೊಟ್ಟಿಲಲ್ಲಿ ಇದ್ದದ್ದು ನಮ್ಮ ಹಳೆಯ ಕಬ್ಬಿಣವೇ. ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡು ಗುರುತು ಸಿಗದಂತಾಗಿತ್ತು. ಇದಕ್ಕಿಂತ ದೊಡ್ಡ ಅಚ್ಚರಿ ಅದರ ಹಿಂದೆಯೇ ಬಂತು. ಕಬ್ಬಿಣವನ್ನು ಇಷ್ಟು ಬೆತ್ತಲೆ ಮಾಡಲು ಹತ್ತಿಪ್ಪತ್ತು ಲಕ್ಷ ಡಿಗ್ರಿ ಶಾಖ ಬೇಕು. ಸೂರ್ಯನ ಮೇಲ್ಮೈಯ ಶಾಖವೋ ಆರು ಸಾವಿರ ಡಿಗ್ರಿಯ ಒಳಗೆ. ಒಲೆಯಿಂದ ದೂರ ಹೋದಷ್ಟೂ ಸೆಕೆ ಹೆಚ್ಚುವ ಅಡುಗೆಮನೆಯನ್ನು ಯಾರು ಕಂಡಿದ್ದಾರೆ? ಸೂರ್ಯ ಅಂಥ ಅಡುಗೆಮನೆ. ಕಾರಣ ಇನ್ನೂ ಪೂರ್ತಿ ಬಗೆಹರಿದಿಲ್ಲ. 1980ರ ಫೆಬ್ರವರಿ 16ರ ಗ್ರಹಣ ಕಾರವಾರದ ಕಡೆಯಿಂದ ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದಾಗ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟು ಈ ಪ್ರಭಾವಲಯವನ್ನೇ ನೋಡಿದರು. ಈಗ ಗ್ರಹಣಕ್ಕೆ ಕಾಯಬೇಕಾಗಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಕೇಂದ್ರದಲ್ಲಿ ಕಟ್ಟಿದ ಉಪಕರಣವೊಂದಿದೆ. ಸೂರ್ಯನ ಬಿಂಬವನ್ನು ತಾನೇ ಮರೆಮಾಡಿಕೊಂಡು ಅದು ನೋಡುವ ಗೆರೆಗಳಲ್ಲಿ ಒಂದು ಇದೇ ಕಬ್ಬಿಣದ ಹಸಿರು ಗೆರೆ.

ಇಷ್ಟೆಲ್ಲ ಆದರೂ ಭದ್ರಾವತಿಯ ಹುಡುಗಿಯ ಪ್ರಶ್ನೆ ಹಾಗೇ ಉಳಿದಿದೆ. ಸೂರ್ಯನಲ್ಲಿರುವ ಕಬ್ಬಿಣವನ್ನು ಸೂರ್ಯ ಮಾಡಿದ್ದಲ್ಲ. ಅದೂ ಭೂಮಿಯಂತೆ ಬಳುವಳಿಯಾಗಿ ಪಡೆದದ್ದು. ಮಾಡಿದವರು ಯಾರು?

ನಕ್ಷತ್ರ ಎಂದರೆ ಪರಮಾಣು ಬೀಜಗಳನ್ನು ಬೆಸೆಯುವ ಕುಲುಮೆ. ಸೂರ್ಯನಂಥ ನಕ್ಷತ್ರ ಜಲಜನಕದ ನಾಲ್ಕು ಬೀಜಗಳನ್ನು ಬೆಸೆದು ಒಂದು ಹೀಲಿಯಂ ಮಾಡುತ್ತದೆ, ಆಗ ಹೊಮ್ಮುವ ಶಕ್ತಿಯೇ ಬಿಸಿಲು. ಸೂರ್ಯನಿಗಿಂತ ಹತ್ತು ಇಪ್ಪತ್ತು ಪಟ್ಟು ತೂಕದ ನಕ್ಷತ್ರಗಳು ಅಲ್ಲಿಗೆ ನಿಲ್ಲುವುದಿಲ್ಲ. ಹೀಲಿಯಂನಿಂದ ಇಂಗಾಲ, ಆಮ್ಲಜನಕ, ಆಮೇಲೆ ನಿಯಾನ್, ಸಿಲಿಕಾನ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಕಬ್ಬಿಣ ಇಂಥ ನಕ್ಷತ್ರಗಳ ಒಡಲಲ್ಲೇ ಹುಟ್ಟಬೇಕು ಎಂದು ಬ್ರಿಟನ್ನಿನ ಫ್ರೆಡ್ ಹಾಯ್ಲ್ 1946ರಲ್ಲೇ ವಾದಿಸಿದರು. 1957ರಲ್ಲಿ ಅವರೂ ಬರ್ಬಿಜ್ ದಂಪತಿಗಳೂ ವಿಲಿಯಂ ಫೌಲರ್ ಅವರೂ ಸೇರಿ ನೂರು ಪುಟ ಮೀರಿದ ಲೇಖನವೊಂದರಲ್ಲಿ ಧಾತುಗಳ ಜಾತಕವನ್ನೇ ಬರೆದಿಟ್ಟರು.

ಈ ಏಣಿ ಹತ್ತುವ ವೇಗವನ್ನು ಗಮನಿಸಬೇಕು. ಸೂರ್ಯನ 25 ಪಟ್ಟು ತೂಕದ ನಕ್ಷತ್ರ ಜಲಜನಕವನ್ನು ಸುಮಾರು 70 ಲಕ್ಷ ವರ್ಷ ಉರಿಸುತ್ತದೆ. ಹೀಲಿಯಂ ಸುಮಾರು 7 ಲಕ್ಷ ವರ್ಷಕ್ಕೆ ಮುಗಿಯುತ್ತದೆ. ಇಂಗಾಲ ಆರು ನೂರು ವರ್ಷ. ನಿಯಾನ್ ಒಂದು ವರ್ಷ, ಆಮ್ಲಜನಕ ಆರು ತಿಂಗಳು. ಕೊನೆಯದಾದ ಸಿಲಿಕಾನ್ ಉರಿದು ಕಬ್ಬಿಣದ ಗುಂಪಿನ ಧಾತುಗಳಾಗಲು ಒಂದೇ ಒಂದು ದಿನ. ಆಗ ಒಳಗಿನ ಶಾಖ ಸುಮಾರು 300 ಕೋಟಿ ಡಿಗ್ರಿ. ಭದ್ರಾವತಿಯ 1500 ಡಿಗ್ರಿ ಕುಲುಮೆ ಕಬ್ಬಿಣವನ್ನು ಯಾಕೆ ಹುಟ್ಟಿಸಲಾರದು ಎಂಬುದಕ್ಕೆ ಇದೇ ಉತ್ತರ.

ಕಬ್ಬಿಣದ ಬಳಿ ಏಣಿ ಮುಗಿಯುತ್ತದೆ. ಪರಮಾಣು ಬೀಜಗಳಲ್ಲಿ ಅತ್ಯಂತ ಬಿಗಿಯಾಗಿ ಕಟ್ಟಿಕೊಂಡವುಗಳ ಸಾಲಿಗೆ ಕಬ್ಬಿಣ ಸೇರುತ್ತದೆ. ಅದನ್ನು ಇನ್ನೊಂದಕ್ಕೆ ಬೆಸೆದರೆ ಶಕ್ತಿ ಬರುವುದಿಲ್ಲ, ಕೈಯಿಂದಲೇ ಕೊಡಬೇಕಾಗುತ್ತದೆ. ನಕ್ಷತ್ರದ ಪಾಲಿಗೆ ಕಬ್ಬಿಣ ಎಂದರೆ ಬೂದಿ. ಒಲೆಯಲ್ಲಿ ಬೂದಿ ತುಂಬಿದರೆ ಬೆಂಕಿ ಆರುತ್ತದೆ. ಮನುಷ್ಯರ ಕುಲುಮೆಯಲ್ಲಿ ಕಬ್ಬಿಣ ಬಂದರೆ ಸಂಭ್ರಮ, ನಕ್ಷತ್ರದ ಕುಲುಮೆಯಲ್ಲಿ ಕಬ್ಬಿಣ ಬಂತೆಂದರೆ ಅದರ ಕತೆ ಮುಗಿದಂತೆ. ಒಳಗಿನಿಂದ ತಡೆಯುವ ಶಕ್ತಿ ಇಲ್ಲದೆ, ಭೂಮಿಯಷ್ಟು ಅಗಲದ ಕಬ್ಬಿಣದ ತಿರುಳು ಒಂದು ಸೆಕೆಂಡಿನ ಒಳಗೆ ತನ್ನ ಮೇಲೆ ತಾನೇ ಕುಸಿಯುತ್ತದೆ. ಆ ಹೊಡೆತಕ್ಕೆ ಹೊರಗಿನ ಪದರಗಳು ಸಿಡಿದು ಹೋಗುತ್ತವೆ. ಇದು ಸೂಪರ್‌ನೋವಾ. ತಿರುಳಿನ ಹಳೆಯ ಕಬ್ಬಿಣ ಒಳಗೇ ಸಿಕ್ಕಿಬಿದ್ದು ನಾಶವಾದರೂ ಸಿಡಿತದ ಅಲೆ ಹೊಸದಾಗಿ ಒಂದಿಷ್ಟನ್ನು ಮಾಡಿ ಹೊರಗೆ ಎರಚುತ್ತದೆ.

ಇಂಥ ಕೊನೆಗೆ ಕಾದಿರುವ ಒಂದು ನಕ್ಷತ್ರವನ್ನು ಮಲೆನಾಡಿನ ರೈತರೆಲ್ಲ ಹೆಸರಿನಿಂದ ಬಲ್ಲರು. ಆರಿದ್ರಾ ಮಳೆ ಹಿಡಿಯಿತೆಂದರೆ ಗದ್ದೆ ಕೆಲಸ ಬಿರುಸಾಗುತ್ತದಲ್ಲ, ಆ ಆರ್ದ್ರಾ ನಕ್ಷತ್ರವೇ ಪಾಶ್ಚಾತ್ಯರ ಬೀಟಲ್‌ಜೂಸ್. ಮಳೆಗಾಲದಲ್ಲಿ ಸೂರ್ಯನ ಮಗ್ಗುಲಿಗೆ ಇರುವುದರಿಂದ ಅದು ಕಾಣದು. ಡಿಸೆಂಬರ್, ಜನವರಿಯ ಸಂಜೆ ಪೂರ್ವದಲ್ಲಿ ಮಹಾವ್ಯಾಧನ ಹೆಗಲ ಮೇಲೆ ಕೆಂಡದಂತೆ ಹೊಳೆಯುತ್ತದೆ. 2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಂಕಾದಾಗ ಸಿಡಿಯುವ ಕಾಲ ಬಂತೇ ಎಂದು ಜಗತ್ತಿನ ತುಂಬ ಗುಲ್ಲೆದ್ದಿತು. ಅದು ತಾನೇ ಉಗುಳಿದ ದೂಳಿನ ಮೋಡ ಅಡ್ಡ ಬಂದದ್ದು ಎಂದು ಆಮೇಲೆ ತಿಳಿಯಿತು. ನಾಳೆ ಸಿಡಿದೀತು, ಇಲ್ಲವೇ ಇನ್ನೂ ಸಾವಿರಾರು ವರ್ಷ ಬಿಟ್ಟು ಸಿಡಿದೀತು. ಸಿಡಿದ ದಿನ ಹಗಲಲ್ಲೂ ಕಾಣುತ್ತದೆ. ಐನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರವಿರುವುದರಿಂದ ನಮಗೆ ಅಪಾಯವಿಲ್ಲ.

ಆದರೆ ಜಗತ್ತಿನ ಕಬ್ಬಿಣದ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ಇನ್ನೊಂದು ಬಗೆಯ ಸಿಡಿತದಿಂದ ಎಂದು ಅಂದಾಜು. ಸೂರ್ಯನಂಥ ಸಾಧಾರಣ ನಕ್ಷತ್ರ ಮುಪ್ಪಿನಲ್ಲಿ ಭೂಮಿಯ ಗಾತ್ರಕ್ಕೆ ಕುಗ್ಗಿ ಶ್ವೇತಕುಬ್ಜವಾಗುತ್ತದೆ. ಅದಕ್ಕೊಂದು ತೂಕದ ಮಿತಿ ಇದೆ, ಸೂರ್ಯನ 1.4 ಪಟ್ಟು. ಹತ್ತೊಂಬತ್ತರ ಹುಡುಗ ಚಂದ್ರಶೇಖರ್ 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಈ ಲೆಕ್ಕವನ್ನು ಶುರು ಮಾಡಿದ್ದು ಹೆಸರಾದ ಸಂಗತಿ. (1983ರಲ್ಲಿ ಅವರಿಗೆ ನೊಬೆಲ್ ಬಂದಾಗ ಅದನ್ನು ಹಂಚಿಕೊಂಡವರು ಧಾತುಗಳ ಜಾತಕ ಬರೆದ ಅದೇ ಫೌಲರ್.) ಜೋಡಿ ನಕ್ಷತ್ರದಿಂದ ಅನಿಲ ಕದ್ದೋ, ಇನ್ನೊಂದು ಶ್ವೇತಕುಬ್ಜಕ್ಕೆ ಡಿಕ್ಕಿ ಹೊಡೆದೋ ಅದು ಆ ಮಿತಿಯ ಹತ್ತಿರ ಬಂದರೆ ಒಳಗಿನ ಇಂಗಾಲಕ್ಕೆ ಒಮ್ಮೆಗೇ ಬೆಂಕಿ ಹತ್ತಿ ಇಡೀ ನಕ್ಷತ್ರ ಚೂರು ಉಳಿಯದಂತೆ ಸಿಡಿಯುತ್ತದೆ.

ಆಗ ಹುಟ್ಟುವುದು ನೇರವಾಗಿ ಕಬ್ಬಿಣವಲ್ಲ, ನಿಕೆಲ್-56. ಅದು ಅಸ್ಥಿರ. ಆರು ದಿನಗಳ ಅರ್ಧಾಯುವಿನಲ್ಲಿ ಕೋಬಾಲ್ಟ್-56 ಆಗುತ್ತದೆ. ಅದೂ ನಿಲ್ಲುವುದಿಲ್ಲ, 77 ದಿನಗಳ ಅರ್ಧಾಯುವಿನಲ್ಲಿ ಕಬ್ಬಿಣ-56 ಆಗಿ ಶಾಂತವಾಗುತ್ತದೆ. ಸೂಪರ್‌ನೋವಾ ವಾರಗಟ್ಟಲೆ ಹೊಳೆಯುವುದು ಈ ರೂಪಾಂತರದ ಶಕ್ತಿಯಿಂದ. ಅಂದರೆ ಆ ಹೊಳಪು ಕಬ್ಬಿಣ ಹುಟ್ಟುತ್ತಿರುವುದರ ಹೊಳಪು. ಕಾಗದದ ಮೇಲೆ ಇದೆಲ್ಲ ಚೆನ್ನಾಗಿತ್ತು. ಕಣ್ಣಾರೆ ಕಂಡವರು ಬೇಕಿತ್ತು.

2014ರ ಜನವರಿ 21ರ ಸಂಜೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಾಪಕ ಸ್ಟೀವ್ ಫಾಸಿ ನಾಲ್ವರು ಪದವಿ ವಿದ್ಯಾರ್ಥಿಗಳಿಗೆ ದೂರದರ್ಶಕದ ಪ್ರಾಯೋಗಿಕ ಪಾಠ ಮಾಡಬೇಕಾಗಿತ್ತು. ಮೋಡ ಕವಿಯತೊಡಗಿತು. ಪಾಠ ಬಿಟ್ಟು, ಮುಚ್ಚಿಹೋಗುವ ಮುನ್ನ ಏನಾದರೊಂದು ತೋರಿಸಿ ಕಳಿಸೋಣವೆಂದು ಅವರು ಸಪ್ತರ್ಷಿ ಮಂಡಲದ ದಿಕ್ಕಿನ ಎಂ82 ಎಂಬ ಗೆಲಾಕ್ಸಿಯತ್ತ 35 ಸೆಂಟಿಮೀಟರಿನ ದೂರದರ್ಶಕ ತಿರುಗಿಸಿದರು. ಇರಬಾರದ ಜಾಗದಲ್ಲಿ ಒಂದು ಚುಕ್ಕಿ ಇತ್ತು. ಹಳೆಯ ಚಿತ್ರಗಳಲ್ಲಿ ಅದು ಇರಲಿಲ್ಲ. ಉಪಕರಣದ ದೋಷವೇ ಎಂದು ಇನ್ನೊಂದು ದೂರದರ್ಶಕದಲ್ಲಿ ನೋಡಿದರು, ಅಲ್ಲೂ ಇತ್ತು. ಸುಮಾರು ಒಂದು ಕೋಟಿ ಹದಿನೈದು ಲಕ್ಷ ಜ್ಯೋತಿರ್ವರ್ಷ ದೂರದ ಆ ಶ್ವೇತಕುಬ್ಜದ ಸಿಡಿತ ಈ ಬಗೆಯವುಗಳಲ್ಲಿ ದಶಕಗಳ ನಂತರ ನಮಗೆ ಇಷ್ಟು ಹತ್ತಿರದಲ್ಲಿ ಕಂಡದ್ದು. ಮೋಡ ಬಾರದೆ ಇದ್ದಿದ್ದರೆ ಪಾಠ ನಡೆಯುತ್ತಿತ್ತು, ಚುಕ್ಕಿ ಅವರಿಗೆ ದಕ್ಕುತ್ತಿರಲಿಲ್ಲ.

ಸುದ್ದಿ ಹಬ್ಬಿತು. ಲಡಾಖಿನ ಹಾನ್ಲೆಯಲ್ಲಿ ನಮ್ಮ ಎರಡು ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹದ ಮೂಲಕ ನಡೆಸುವುದು ಆಗಲೇ ಹೇಳಿದ ಹೊಸಕೋಟೆಯಿಂದ. ಅಲ್ಲಿನವರೂ ಈ ಸೂಪರ್‌ನೋವಾದ ಬೆಳಕನ್ನು ತಿಂಗಳುಗಟ್ಟಲೆ ಅಳೆದರು. ಮುಖ್ಯ ಸಾಕ್ಷ್ಯ ಸಿಕ್ಕಿದ್ದು ಇಂಟೆಗ್ರಲ್ ಎಂಬ ಯೂರೋಪಿನ ಉಪಗ್ರಹಕ್ಕೆ. ಕೋಬಾಲ್ಟ್ ಕಬ್ಬಿಣವಾಗುವಾಗ ಮಾತ್ರ ಹೊಮ್ಮುವ ಎರಡು ನಿರ್ದಿಷ್ಟ ಗಾಮಾ ಕಿರಣಗಳನ್ನು ಅದು ಹಿಡಿಯಿತು. ಲೆಕ್ಕ ಹಾಕಿದಾಗ ಒಟ್ಟು ಹುಟ್ಟಿದ ಸರಕು ಸೂರ್ಯನ ತೂಕದ ಹತ್ತರಲ್ಲಿ ಆರು ಪಾಲು. ಒಂದೇ ಸಿಡಿತದಲ್ಲಿ ಆರು ಲಕ್ಷ ಭೂಮಿಗಳಿಗೆ ಸಾಲುವಷ್ಟು ಕಬ್ಬಿಣ! ಶ್ವೇತಕುಬ್ಜದ ಸಿಡಿತದಲ್ಲಿ ಕಬ್ಬಿಣ ಹುಟ್ಟುವಾಗಲೇ ಅದರ ಕೂಗು ಸ್ಪಷ್ಟವಾಗಿ ಕಿವಿಗೆ ಬಿದ್ದಂತಾಯಿತು.

ಈ ಬಗೆಯ ಸಿಡಿತಗಳ ಹೊಳಪು ಹೆಚ್ಚುಕಡಿಮೆ ಒಂದೇ ಅಳತೆಯದು. ಹಾಗಾಗಿ ದೂರ ಅಳೆಯಲು ಅವೇ ದೀಪಸ್ತಂಭಗಳು. 1998ರಲ್ಲಿ ಎರಡು ತಂಡಗಳು ಈ ದೀಪಗಳನ್ನು ಎಣಿಸುತ್ತ ಹೋಗಿ ವಿಶ್ವ ಹಿಗ್ಗುವ ವೇಗ ಕಡಿಮೆಯಾಗುವ ಬದಲು ಹೆಚ್ಚುತ್ತಿದೆ ಎಂದು ಕಂಡು ದಂಗಾದವು. 2011ರ ನೊಬೆಲ್ ಅದಕ್ಕೆ ಸಂದಿತು. ಅದು ಇನ್ನೊಂದು ವಾರದ ಅಂಕಣಕ್ಕೆ ಆಗುವಷ್ಟು ದೊಡ್ಡ ವಿಷಯ.

ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಇದೆ. ಅವಳ ಮನೆಯ ಕಾವಲಿಯ ಕಬ್ಬಿಣ, ಸೂರ್ಯ ಹುಟ್ಟುವ ಮೊದಲೇ ಸತ್ತ ಹಲವು ನಕ್ಷತ್ರಗಳ ಬೂದಿ. ಅವಳ ಮೈಯೊಳಗಿನದೂ ಅದೇ. ವಯಸ್ಕರ ದೇಹದಲ್ಲಿ ಮೂರು ನಾಲ್ಕು ಗ್ರಾಂ ಕಬ್ಬಿಣವಿದೆ, ಒಂದು ಮೊಳೆಯಷ್ಟು. ಬಹುಪಾಲು ರಕ್ತದ ಕೆಂಪಿನಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಆರು ಲಕ್ಷ ಭೂಮಿಗಳಿಗೆ ಆಗುವಷ್ಟನ್ನು ಒಂದೇ ಏಟಿಗೆ ಎರಚುವ ವಿಶ್ವದಲ್ಲಿ ನಮ್ಮ ಮನೆಯ ಹುಡುಗಿಯರಿಗೆ ಒಂದು ಮೊಳೆಯಷ್ಟಕ್ಕೂ ತತ್ವಾರ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವ ಮುನ್ನ ಅದು ಎಷ್ಟು ದೂರದಿಂದ ಬಂದದ್ದು ಎಂದು ನೆನೆದರೂ ಸಾಕು.

ಭದ್ರಾವತಿಯ ಅಜ್ಜಂದಿರಿಗೆ ನಕ್ಷತ್ರದ ಕುಲುಮೆ ಆರುವ ಮಾತು ಬೇರೆ ರೀತಿಯಲ್ಲಿ ತಾಗಬಹುದು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು, ಕಾರ್ಮಿಕರು ತಿಂಗಳುಗಟ್ಟಲೆ ಹೋರಾಡಿದರು, ಅದೇ ಆಗಸ್ಟಿನಲ್ಲಿ ಕೆಲವು ಕೆಲಸ ಮತ್ತೆ ಆರಂಭವಾಯಿತು. ಅದಿರು ಕರಗಿಸುವ ಊದುಕುಲುಮೆ ಅದಕ್ಕೂ ಎಷ್ಟೋ ಮೊದಲೇ ತಣ್ಣಗಾಗಿತ್ತು. ನಕ್ಷತ್ರದ ಕುಲುಮೆ ಆರುವುದು ಭೌತನಿಯಮದಿಂದ, ಇದು ಆರಿದ್ದಕ್ಕೆ ಕಾರಣಗಳು ಕಡತಗಳಲ್ಲಿವೆ.

ಆಕಾಶದಿಂದ ಕಬ್ಬಿಣ ಈಗಲೂ ಬೀಳುತ್ತಿದೆಯೇ ಎಂದರೆ, ಹೌದು. 1621ರ ಏಪ್ರಿಲ್‌ನಲ್ಲಿ ಜಲಂಧರದ ಬಳಿ ಬಿದ್ದ ಉಲ್ಕೆಯ ಕಬ್ಬಿಣದಿಂದ ಜಹಾಂಗೀರ್ ಬಾದಶಹ ಕತ್ತಿಗಳನ್ನು ಮಾಡಿಸಿದ. ಉಲ್ಕೆಯ ಕಬ್ಬಿಣವೊಂದೇ ಸುತ್ತಿಗೆ ಏಟಿಗೆ ಒಡೆಯುತ್ತಿದ್ದುದರಿಂದ ಮೂರು ಪಾಲಿಗೆ ಒಂದು ಪಾಲು ಊರ ಕಬ್ಬಿಣ ಬೆರೆಸಬೇಕಾಯಿತು. ಅವುಗಳಲ್ಲಿ ಒಂದು ಚಾಕು ಇಂದು ವಾಷಿಂಗ್ಟನ್ನಿನ ಸಂಗ್ರಹಾಲಯದಲ್ಲಿದೆ. ಇನ್ನೂ ತಾಜಾ ಸರಕೂ ಉಂಟು. ಕಬ್ಬಿಣ-60 ಎಂಬ ವಿಕಿರಣಶೀಲ ಬಗೆಯ ಅರ್ಧಾಯು ಸುಮಾರು 26 ಲಕ್ಷ ವರ್ಷ. ಭೂಮಿಯ ಜೊತೆ ಹುಟ್ಟಿದ್ದೆಲ್ಲ ಎಂದೋ ಕರಗಿ ಹೋಗಿರಬೇಕು. ಆದರೂ 1999ರಲ್ಲಿ ಮ್ಯೂನಿಕ್ಕಿನ ವಿಜ್ಞಾನಿಗಳು ಅದನ್ನು ಪೆಸಿಫಿಕ್ ಸಾಗರತಳದ ಹೊರಪದರದಲ್ಲಿ ಕಂಡರು, ಆಮೇಲೆ ಚಂದ್ರನ ಮಣ್ಣಿನಲ್ಲೂ ಸಿಕ್ಕಿತು. ಇಪ್ಪತ್ತು ಮೂವತ್ತು ಲಕ್ಷ ವರ್ಷಗಳ ಹಿಂದೆ ನಮ್ಮ ನೆರೆಯಲ್ಲೇ ನಕ್ಷತ್ರ ಸಿಡಿದಿತ್ತು ಎಂದಾಯಿತು. 2019ರಲ್ಲಿ ಅಂಟಾರ್ಕ್ಟಿಕದ 500 ಕಿಲೋ ಹೊಸ ಹಿಮವನ್ನು ಕರಗಿಸಿ ಸೋಸಿದಾಗ ಬೆರಳೆಣಿಕೆಯ ಕಬ್ಬಿಣ-60 ಪರಮಾಣುಗಳು ಸಿಕ್ಕಿದವು. ಆ ಬೂದಿ ಇನ್ನೂ ಉದುರುತ್ತಲೇ ಇದೆ.

ಮನೆಯಲ್ಲೇ ಹುಡುಕುವ ಆಸೆಯಿದ್ದವರಿಗೆ ಒಂದು ದಾರಿಯಿದೆ. ವರ್ಷಕ್ಕೆ ಸುಮಾರು 5,200 ಟನ್ನಿನಷ್ಟು ಸೂಕ್ಷ್ಮ ಉಲ್ಕಾದೂಳು ಭೂಮಿಗೆ ಇಳಿಯುತ್ತದೆ. ಅದನ್ನು ಊರ ಮಾಡುಗಳ ಮೇಲಿನ ಕಸದಲ್ಲೇ ಹುಡುಕಬಹುದು ಎಂದು 2017ರ ಹೊತ್ತಿಗೆ ತೋರಿಸಿಕೊಟ್ಟವರು ನಾರ್ವೆಯ ಯೂನ್ ಲಾರ್ಸೆನ್, ವೃತ್ತಿಯಿಂದ ಜಾಝ್ ಗಿಟಾರ್ ವಾದಕ. ತಾರಸಿಯ ನೀರು ಹರಿದು ಹೋಗುವ ಮೂಲೆಯಲ್ಲಿ ಕೂತ ಕೆಸರನ್ನು ತೊಳೆದು ಒಣಗಿಸಿ, ಪ್ಲಾಸ್ಟಿಕ್ ಚೀಲದೊಳಗೆ ಆಯಸ್ಕಾಂತವಿಟ್ಟು ಮೇಲೆ ಆಡಿಸಿದರೆ ಕಪ್ಪು ಪುಡಿ ಅಂಟುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅದರಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟರ, ಮೇಲ್ಮೈಯಲ್ಲಿ ಗೀರು ಅಥವಾ ಹರಳಿನ ಚಿತ್ತಾರವಿರುವ ಗುಂಡುಗಳನ್ನು ಆರಿಸಬೇಕು. ಖಚಿತಪಡಿಸಲು ಕೊನೆಗೆ ಪ್ರಯೋಗಾಲಯವೇ ಬೇಕು. ಶಿವಮೊಗ್ಗದ ತಾರಸಿಗಳಲ್ಲಿ ಮಳೆಗಾಲ ಮುಗಿದ ಮೇಲೆ ಕೆಸರಿಗೇನೂ ಬರವಿಲ್ಲ. ಭದ್ರಾವತಿಯವರಿಗೆ ಮಾತ್ರ ಕೆಲಸ ಕಷ್ಟ. ನುಣುಪಾದ, ಫಳಫಳ ಹೊಳೆಯುವ ಗುಂಡುಗಳು ಕುಲುಮೆ, ಎರಕ ಮತ್ತು ವೆಲ್ಡಿಂಗ್ ಕಿಡಿಗಳಿಂದ ಆದವು. ಕಾರ್ಖಾನೆಯ ಊರಿನಲ್ಲಿ ಅವೇ ಹೆಚ್ಚು ಸಿಕ್ಕಾವು. ದೀಪಾವಳಿ ಕಳೆದ ವಾರದಲ್ಲಂತೂ ಯಾವ ಊರಿನವರೂ ಹುಡುಕಲು ಹೋಗಬಾರದು. ಸುರುಸುರುಬತ್ತಿಯಲ್ಲಿ ಉರಿಯುವುದೂ ಕಬ್ಬಿಣದ ಪುಡಿಯೇ.